ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲ ಎಂದಲ್ಲ: ವೋಲ್ಟೇಜ್ ಮತ್ತು ಲೀಕೇಜ್ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಮನೆಯ ವೈರಿಂಗ್ ಪರೀಕ್ಷಿಸುವಾಗ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ಟೆಸ್ಟರ್ ಉರಿಯಲಿಲ್ಲವೆಂದು ತಂತಿಗೆ ಕೈ ಹಾಕುವುದು. ಇನ್ನೊಂದು, ಫ್ರಿಜ್ಜಿನ ಮೈಗೆ ಇಟ್ಟ ಟೆಸ್ಟರ್ ಮಂಕಾಗಿ ಉರಿಯಿತೆಂದು ಗಾಬರಿಯಾಗಿ ಕಂಪ್ರೆಸರ್‌ವರೆಗೂ ಬಿಚ್ಚಿಸುವುದು. ಅಥವಾ ಅದೇ ಫ್ರಿಜ್ ನಿಜವಾಗಿಯೂ ಶಾಕ್ ಹೊಡೆಯುತ್ತಿದ್ದರೂ ‘ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ’ ಎಂದು ತಿಂಗಳುಗಟ್ಟಲೆ ಬಿಟ್ಟುಬಿಡುವುದು.

ಕೇಳಬೇಕಾದ ಪ್ರಶ್ನೆಗಳು ಮೂರು. ಇಲ್ಲಿ ವೋಲ್ಟೇಜ್ ಇದೆಯೇ? ಇದ್ದರೆ ಯಾವ ಎರಡು ಬಿಂದುಗಳ ನಡುವೆ, ಎಷ್ಟು? ಅಲ್ಲಿಂದ ಎಷ್ಟು ಕರೆಂಟ್ ಸೋರಬಲ್ಲದು? ಪೆನ್ನಿನಂಥ ಟೆಸ್ಟರ್ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ, ಅದೂ ಅರ್ಧಂಬರ್ಧ. ಎರಡನೆಯದಕ್ಕೆ ಮಲ್ಟಿಮೀಟರ್ ಬೇಕು. ಮೂರನೆಯದಕ್ಕೆ ಲೀಕೇಜ್ ಕ್ಲ್ಯಾಂಪ್ ಮೀಟರ್, ಇಲ್ಲವೇ ಮಲ್ಟಿಮೀಟರ್ ಜೊತೆಗೆ ಒಂದು ರೆಸಿಸ್ಟರ್. ಕೆಳಗಿನ ಹಂತಗಳೂ ಇದೇ ಕ್ರಮದಲ್ಲಿವೆ. ಅಂಕಿಗಳೆಲ್ಲ 230 ವೋಲ್ಟ್ ಏಸಿ ಸಂಪರ್ಕಕ್ಕೆ ಸಂಬಂಧಿಸಿದವು.

## ಬೇಕಾಗುವ ಉಪಕರಣಗಳು

ನಿಯಾನ್ ಟೆಸ್ಟರ್. ಸ್ಕ್ರೂಡ್ರೈವರ್ ಆಕಾರದ್ದು. ಒಳಗೆ ಸುಮಾರು 1 ಮೆಗಾಓಮ್ ರೆಸಿಸ್ಟರ್, ಅದರ ಹಿಂದೆ ಪುಟ್ಟ ನಿಯಾನ್ ದೀಪ, ತುದಿಯಲ್ಲಿ ಬೆರಳಿಡುವ ಲೋಹದ ಟೋಪಿ. ಕರೆಂಟ್ ತಂತಿಯಿಂದ ರೆಸಿಸ್ಟರ್, ದೀಪ, ನಿಮ್ಮ ಬೆರಳು, ಮೈ ದಾಟಿ ನೆಲ ಸೇರುತ್ತದೆ. ಅದರ ಪ್ರಮಾಣ 0.2 ಮಿಲಿಆಂಪ್‌ನ ಆಸುಪಾಸು. ಮನುಷ್ಯನಿಗೆ ಅರಿವಾಗಲು ಸಾಮಾನ್ಯವಾಗಿ 0.5 ಮಿಲಿಆಂಪ್ ಬೇಕು, ಹಾಗಾಗಿ ಗೊತ್ತಾಗುವುದಿಲ್ಲ. ನಿಮಗೂ ಪೂರ್ತಿ ವೋಲ್ಟೇಜಿಗೂ ನಡುವೆ ಇರುವುದು ಆ ಒಂದು ರೆಸಿಸ್ಟರ್ ಮಾತ್ರ. ಒಳಗೆ ನೀರಿಳಿದ, ಬಿರುಕು ಬಿಟ್ಟ, ಬಿಗಿಯಾದ ಸ್ಕ್ರೂ ತಿರುಗಿಸಿ ಹಿಡಿ ಸಡಿಲವಾದ ಟೆಸ್ಟರನ್ನು ಎಸೆದುಬಿಡಿ.

ಮುಟ್ಟದೆ ನೋಡುವ ಟೆಸ್ಟರ್. ಬ್ಯಾಟರಿಯದ್ದು. ತಂತಿಯ ಇನ್ಸುಲೇಶನ್ ಮೇಲಿಟ್ಟರೆ ಸಾಕು, ಬೀಪ್ ಅನ್ನುತ್ತದೆ. ತಂತಿಯ ಸುತ್ತಲಿನ ಏಸಿ ವಿದ್ಯುತ್ ಕ್ಷೇತ್ರವನ್ನು ಗ್ರಹಿಸುವುದರಿಂದ ಡಿಸಿ ಇದಕ್ಕೆ ಕಾಣದು. ಲೋಹದ ಪೈಪಿನೊಳಗಿನ ತಂತಿಯೂ ಕಾಣದು. ಪಕ್ಕದ ತಂತಿಯ ಕ್ಷೇತ್ರಕ್ಕೂ ಕೂಗಬಹುದು.

ಡಿಜಿಟಲ್ ಮಲ್ಟಿಮೀಟರ್. ಮನೆಯೊಳಗಿನ ಸಾಕೆಟ್‌ಗಳಿಗೆ ಕ್ಯಾಟ್ 2, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಕ್ಯಾಟ್ 3 ದರ್ಜೆಯದ್ದು (ಮೀಟರ್ ಎಷ್ಟು ವಿದ್ಯುತ್ ಹೊಡೆತ ತಾಳಬಲ್ಲದು ಎಂಬ ಸುರಕ್ಷತಾ ದರ್ಜೆ ಇದು). ದರ್ಜೆ ಮೀಟರಿನ ಮೇಲಷ್ಟೇ ಇದ್ದರೆ ಸಾಲದು, ಪ್ರೋಬ್ ತಂತಿಗಳ ಮೇಲೂ ಇರಬೇಕು.

10 ಕಿಲೋಓಮ್, 10 ವಾಟ್ ವೈರ್‌ವೌಂಡ್ ರೆಸಿಸ್ಟರ್, ಎರಡು ತುದಿಗೂ ಪ್ಲಾಸ್ಟಿಕ್ ಹೊದಿಕೆಯ ಕ್ರಾಕಡೈಲ್ ಕ್ಲಿಪ್ ಹಾಕಿದ್ದು. ಇದರ ಉಪಯೋಗ 5ನೇ ಹಂತದಲ್ಲಿ ಬರುತ್ತದೆ.

ಲೀಕೇಜ್ ಕ್ಲ್ಯಾಂಪ್ ಮೀಟರ್, 500 ವೋಲ್ಟಿನ ಇನ್ಸುಲೇಶನ್ ಟೆಸ್ಟರ್ (ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಮೆಗ್ಗರ್) ಇದ್ದರೆ ಒಳ್ಳೆಯದು. ಮನೆಬಳಕೆಗೆ ಅವು ಇರಲೇಬೇಕೆಂದಿಲ್ಲ.

## ಹಂತ 1: ಮೊದಲು ಟೆಸ್ಟರನ್ನೇ ಪರೀಕ್ಷಿಸಿ

ಎಲ್ಲ ಪರೀಕ್ಷೆಗೂ ನಿಯಮ ಒಂದೇ: ಕರೆಂಟ್ ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ನೋಡಿ, ಆಮೇಲೆ ನಿಮಗೆ ಬೇಕಾದ ಕಡೆ ನೋಡಿ, ಕೊನೆಗೆ ಮತ್ತೆ ಮೊದಲಿನ ಕಡೆ ನೋಡಿ. ಮೂರನೆಯ ಸಲವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಡುವೆ ದೀಪ ಸತ್ತಿದ್ದರೆ, ಬ್ಯಾಟರಿ ಮುಗಿದಿದ್ದರೆ, ಪ್ರೋಬ್ ತಂತಿ ಒಳಗೇ ತುಂಡಾಗಿದ್ದರೆ ಅದು ತಿಳಿಯುವುದು ಆ ಮೂರನೆಯ ಸಲದಲ್ಲಿ ಮಾತ್ರ.

ಮುಟ್ಟದೆ ನೋಡುವ ಟೆಸ್ಟರಿನ ಗುಂಡಿ ಒತ್ತಿದಾಗ ಬೀಪ್ ಬಂದರೆ ಬ್ಯಾಟರಿ ಮತ್ತು ಬಜರ್ ಸರಿಯಿವೆ ಎಂದಷ್ಟೇ ಅರ್ಥ. ತುದಿಯ ಸಂವೇದಕ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ನಿಯಾನ್ ಟೆಸ್ಟರ್ ಹಿಡಿಯುವಾಗ ಬೆರಳು ಹಿಂದಿನ ಟೋಪಿಯ ಮೇಲಿರಲಿ, ಮುಂದಿನ ಲೋಹದ ಕಡ್ಡಿಗೆ ಯಾವ ಬೆರಳೂ ತಾಗದಿರಲಿ. ಕಡ್ಡಿಯ ಮೇಲಿನ ಪ್ಲಾಸ್ಟಿಕ್ ತೋಳು ಹರಿದಿದ್ದರೆ ಅದನ್ನು ಬಳಸಬೇಡಿ. ಬೋರ್ಡಿನೊಳಗೆ ತೂರಿಸಿದಾಗ ಬರಿಯ ಕಡ್ಡಿ ಫೇಸ್ ಮತ್ತು ಅರ್ತ್ ಎರಡಕ್ಕೂ ಒಟ್ಟಿಗೇ ತಾಗಿ ಶಾರ್ಟ್ ಮಾಡೀತು. ಕೈ ಒಣಗಿರಬೇಕು, ನೆಲವೂ ಒಣಗಿರಬೇಕು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತರೆ ದೀಪ ಚೆನ್ನಾಗಿ ಕಾಣುತ್ತದೆ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಆ ಹೊತ್ತಿಗೆ ಟೆಸ್ಟರಿನ ರೆಸಿಸ್ಟರ್ ಕೆಟ್ಟಿದ್ದರೆ ಶಾಕ್ ಕೂಡ ಅಷ್ಟೇ ಚೆನ್ನಾಗಿ ಹೊಡೆಯುತ್ತದೆ.

ಟೆಸ್ಟರ್ ಸುಳ್ಳು ಹೇಳುವ ಸಂದರ್ಭಗಳು. ಕರೆಂಟ್ ಇದ್ದೂ ಉರಿಯದಿರಲು ಕಾರಣಗಳು ಹಲವು. ನೀವು ಮರದ ಏಣಿಯ ಮೇಲೆ ದಪ್ಪ ರಬ್ಬರ್ ಚಪ್ಪಲಿ ಹಾಕಿ ನಿಂತಿರಬಹುದು. ಬೆರಳು ಟೋಪಿಗೆ ಸರಿಯಾಗಿ ತಾಗಿರದೆ ಇರಬಹುದು. ತಂತಿಯ ತುದಿಗೆ ಬಣ್ಣ ಅಥವಾ ಕಿಲುಬು ಹಿಡಿದಿರಬಹುದು. ಬಿಸಿಲಿನಲ್ಲಂತೂ ನಿಯಾನಿನ ಕಿತ್ತಳೆ ಬೆಳಕು ಕಾಣುವುದೇ ಇಲ್ಲ, ಅಂಗೈಯಿಂದ ಮರೆಮಾಡಿ ನೋಡಬೇಕು. ವೋಲ್ಟೇಜ್ ಕಡಿಮೆಯಿದ್ದರೂ ಉರಿಯದು: ನಿಯಾನ್ ಹೊತ್ತಿಕೊಳ್ಳಲು 60ರಿಂದ 90 ವೋಲ್ಟ್ ಬೇಕು, ಅದಕ್ಕಿಂತ ಕೆಳಗಿನದು ಅದರ ಪಾಲಿಗೆ ಇಲ್ಲವೇ ಇಲ್ಲ.

ಕರೆಂಟ್ ಕೊಡಲಾಗದ ತಂತಿಯಲ್ಲೂ ಮಂಕಾಗಿ ಉರಿಯುವುದುಂಟು. ಒಂದೇ ಪೈಪಿನಲ್ಲಿ ಫೇಸ್ ತಂತಿಯ ಪಕ್ಕ ಹತ್ತಾರು ಮೀಟರ್ ಹಾದುಹೋದ ಖಾಲಿ ತಂತಿಗೆ ವೋಲ್ಟೇಜ್ ‘ಹತ್ತುತ್ತದೆ’. ಬಲ್ಬ್ ಕಟ್ಟಿದರೆ ಅದು ಆ ಕ್ಷಣವೇ ಕುಸಿಯುತ್ತದೆ, ಆದರೆ 0.2 ಮಿಲಿಆಂಪ್‌ಗಿಂತ ಕಡಿಮೆಯಲ್ಲೂ ನಿಯಾನ್ ಹೊಳೆಯುವುದರಿಂದ ಟೆಸ್ಟರ್ ಉರಿಯುತ್ತದೆ.

12, 36, 55, 110, 220 ಎಂದು ಅಂಕಿ ತೋರಿಸುವ ಡಿಜಿಟಲ್ ಟೆಸ್ಟರುಗಳ ಬಗ್ಗೆ ಒಂದು ಮಾತು: ಆ ಅಂಕಿಗಳನ್ನು ಅಳತೆಯೆಂದು ಬರೆದಿಟ್ಟುಕೊಳ್ಳಬೇಡಿ. ನೀವು ನಿಂತ ನೆಲ, ಹಾಕಿದ ಚಪ್ಪಲಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

## ಹಂತ 2: ಸಾಕೆಟ್ಟಿನ ಮೂರು ಅಳತೆಗಳು

ಲೀಕೇಜ್ ಹುಡುಕುವ ಮುಂಚೆ ಸಾಕೆಟ್ ಸರಿಯಿದೆಯೇ ನೋಡಬೇಕು. ಅರ್ತ್ ಇಲ್ಲದ ಸಾಕೆಟ್ಟಿಗೆ ಸಿಕ್ಕಿಸಿದ ಒಳ್ಳೆಯ ಯಂತ್ರವೂ ಜುಮ್ ಅನ್ನಿಸುತ್ತದೆ. ಎಷ್ಟೋ ‘ಕೆಟ್ಟ’ ವಾಷಿಂಗ್ ಮಷಿನ್‌ಗಳ ರೋಗ ಗೋಡೆಯಲ್ಲಿರುತ್ತದೆ.

1. ಮಲ್ಟಿಮೀಟರಿನ ಕಪ್ಪು ತಂತಿ ಕಾಮ್ ತೂತಿಗೆ, ಕೆಂಪು ತಂತಿ ವೋಲ್ಟ್ ತೂತಿಗೆ. ಇದನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಹಿಂದಿನ ಸಲ ಆಂಪ್ ಅಳೆದು ಕೆಂಪು ತಂತಿಯನ್ನು 10 ಆಂಪ್ ತೂತಿನಲ್ಲೇ ಬಿಟ್ಟಿದ್ದರೆ, ಸಾಕೆಟ್ಟಿಗೆ ಪ್ರೋಬ್ ಇಟ್ಟೊಡನೆ ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸ್ ಇಲ್ಲದಿರುವುದೂ ಉಂಟು. ಮೀಟರ್ ಕೈಯಲ್ಲೇ ಸಿಡಿಯಬಹುದು.

2. ಗುಂಡಿಯನ್ನು ಏಸಿ ವೋಲ್ಟ್‌ನ ಅತಿ ದೊಡ್ಡ ಶ್ರೇಣಿಗೆ, ಅಂದರೆ 600 ಅಥವಾ 750ಕ್ಕೆ ತಿರುಗಿಸಿ. ಡಿಸಿ ಶ್ರೇಣಿಯಲ್ಲಿಟ್ಟರೆ 230 ವೋಲ್ಟ್ ಏಸಿಯೂ ಸೊನ್ನೆಯ ಹತ್ತಿರ ತೋರುತ್ತದೆ. ‘ಕರೆಂಟ್ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ದೊಡ್ಡ ಕಾರಣ ಇದು.

3. ಮೂರು ಜೋಡಿಗಳನ್ನು ಅಳೆದು ಬರೆದುಕೊಳ್ಳಿ: ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್. ಅರ್ತ್ ತೂತು ಮೇಲಿರುವ ಮೂರು ಪಿನ್ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಫೇಸ್ ಬಲಗಡೆ ಇರಬೇಕು.

ಫೇಸ್–ನ್ಯೂಟ್ರಲ್ 230, ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ 1ರಿಂದ 3 ವೋಲ್ಟ್ ಬಂದರೆ ಸಾಕೆಟ್ ಆರೋಗ್ಯವಾಗಿದೆ. ಹಾಗಿಲ್ಲದಿದ್ದರೆ ಅಂಕಿಗಳೇ ದಾರಿ ತೋರುತ್ತವೆ.

ಫೇಸ್–ನ್ಯೂಟ್ರಲ್ ಸರಿಯಿದ್ದು, ಅರ್ತ್ ಜೊತೆಗಿನ ಎರಡೂ ಅಳತೆ 40, 90, 130 ಎಂದು ನಿಲ್ಲದೆ ಓಡಾಡುತ್ತಿದ್ದರೆ ಅರ್ತ್ ತಂತಿ ಎಲ್ಲೋ ತುಂಡಾಗಿದೆ, ಅಥವಾ ಅದನ್ನು ಎಳೆದೇ ಇಲ್ಲ. ಫೇಸ್–ಅರ್ತ್ 230 ಇದ್ದು ಫೇಸ್–ನ್ಯೂಟ್ರಲ್ ಸೊನ್ನೆಯಾದರೆ ನ್ಯೂಟ್ರಲ್ ತುಂಡಾಗಿದೆ. ಅದೇ ಸಾಲಿನಲ್ಲಿ (ಸರ್ಕ್ಯೂಟಿನಲ್ಲಿ) ಯಾವುದಾದರೂ ಬಲ್ಬ್ ಆನ್ ಇದ್ದರೆ ನ್ಯೂಟ್ರಲ್ ತೂತಿನಲ್ಲೂ ಟೆಸ್ಟರ್ ಉರಿಯುತ್ತದೆ. ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತಿದೆ, ಆದರೆ ಯಾವ ಯಂತ್ರವೂ ಓಡುತ್ತಿಲ್ಲ ಎಂಬ ಗೊಂದಲದ ಮೂಲ ಬಹುತೇಕ ಇದೇ. ಬಲಗಡೆಯ ತೂತು ಅರ್ತ್ ಜೊತೆ ಸೊನ್ನೆ, ಎಡಗಡೆಯದು 230 ತೋರಿದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆ. ಯಂತ್ರ ಓಡುತ್ತದೆ, ಆದರೆ ಸ್ವಿಚ್ ಆಫ್ ಮಾಡಿದರೂ ಒಳಗೆ ಫೇಸ್ ಉಳಿದಿರುತ್ತದೆ.

ಹೆಚ್ಚಿನವರ ಕಣ್ಣು ತಪ್ಪಿಸುವುದು ಇನ್ನೊಂದು. ಮನೆಯಲ್ಲಿ ಲೋಡ್ (ಕರೆಂಟ್ ಎಳೆಯುವ ಯಂತ್ರ) ಓಡುತ್ತಿರುವಾಗಲೂ ನ್ಯೂಟ್ರಲ್–ಅರ್ತ್ ಕದಲದೆ 0.0 ತೋರಿದರೆ ಖುಷಿಪಡಬೇಡಿ. ಸಾಕೆಟ್ಟಿನ ಹಿಂದೆ ಯಾರೋ ಅರ್ತ್ ಪಿನ್ನಿಗೆ ನ್ಯೂಟ್ರಲ್‌ನಿಂದಲೇ ತುಂಡು ತಂತಿ ಕೊಟ್ಟಿರುವ ಸಾಧ್ಯತೆ ಇದೆ. ನ್ಯೂಟ್ರಲ್ ಕಡಿದ ದಿನ ಆ ಸಾಕೆಟ್ಟಿನ ಯಂತ್ರದ ಮೈಯೆಲ್ಲ 230 ವೋಲ್ಟ್.

4. ಲೋಡ್ ಹಾಕಿ ಮತ್ತೊಮ್ಮೆ ಅಳೆಯಿರಿ. ಅದೇ ಸಾಲಿನ ಇನ್ನೊಂದು ಸಾಕೆಟ್ಟಿಗೆ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಅಥವಾ ಹೀಟರ್ ಹಾಕಿ. ನ್ಯೂಟ್ರಲ್–ಅರ್ತ್ 5 ವೋಲ್ಟ್ ದಾಟಿದರೆ, ಅಥವಾ ಫೇಸ್–ನ್ಯೂಟ್ರಲ್ 10–12 ವೋಲ್ಟಿಗಿಂತ ಹೆಚ್ಚು ಬಿದ್ದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ, ಇಲ್ಲವೇ ತಂತಿ ತೆಳುವಾಗಿದೆ.

ಮೂರು ದೀಪಗಳ ಪ್ಲಗ್ ಟೆಸ್ಟರ್ ಬಳಸುವವರಿಗೆ: ಅರ್ತ್ ಇಲ್ಲ, ಫೇಸ್ ತಿರುಗುಮುರುಗಾಗಿದೆ ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ಅದಲುಬದಲಾಗಿದ್ದರೆ ಗುರುತಿಸುವುದಿಲ್ಲ. ಅರ್ತ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನೂ ಹೇಳುವುದಿಲ್ಲ; ಒಂದೆಳೆ ತಂತಿಯಲ್ಲಿ ನೇತಾಡುವ ಅರ್ತಿಗೂ ಅದರ ದೀಪ ಉರಿಯುತ್ತದೆ.

ಫೇಸ್ ಮತ್ತು ಅರ್ತ್ ನಡುವೆ ಬಲ್ಬ್ ಕಟ್ಟಿ ಅರ್ತಿಂಗ್ ನೋಡುವ ಹಳೆಯ ರೂಢಿ ಬೇಡ. ಅರ್ತ್ ಮುಂದೆಲ್ಲೋ ತುಂಡಾಗಿದ್ದರೆ, ಬಲ್ಬಿನ ಮೂಲಕ ಬಂದ ಫೇಸ್ ಆ ಅರ್ತಿಗೆ ಸೇರಿದ ಪ್ರತಿ ಯಂತ್ರದ ಮೈಗೂ ಏರುತ್ತದೆ. ಪಕ್ಕದ ಕೋಣೆಯಲ್ಲಿ ಆ ಹೊತ್ತಿಗೆ ಯಾರು ಏನು ಮುಟ್ಟುತ್ತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸಾಧನ) ಇರುವ ಕಡೆ, ಅರ್ತ್ ಗಟ್ಟಿಯಿದ್ದರೆ, ಬರೀ 15 ವಾಟಿನ ಬಲ್ಬ್ ಕೂಡ 65 ಮಿಲಿಆಂಪ್ ಎಳೆದು ಅದನ್ನು ಬೀಳಿಸುತ್ತದೆ.

## ಹಂತ 3: ಕೈ ಹಾಕುವ ಮುಂಚೆ ‘ಸತ್ತಿದೆ’ ಎಂದು ಖಚಿತಪಡಿಸಿ

1. ಆ ಸಾಲಿನ ಎಂಸಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿರುವ ಬ್ರೇಕರ್) ಇಳಿಸಿ, ಮೇಲೆ ಟೇಪ್ ಅಂಟಿಸಿ, ಮನೆಯವರಿಗೆ ಹೇಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿದ ಮನೆಗಳಲ್ಲಿ ಬಲ್ಬ್ ಆರಿದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಸ್ವಿಚ್ ಆಫ್ ಆದಮೇಲೂ ಎಲ್‌ಇಡಿ ಬಲ್ಬ್ ಮಿಣಮಿಣ ಅನ್ನುವುದಕ್ಕೆ ಇದೂ ಒಂದು ಕಾರಣ.

2. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದೊಡನೆ ‘ಕರೆಂಟ್ ಹೋಯಿತು’ ಎಂದುಕೊಂಡು ಇನ್ವರ್ಟರ್ ತನ್ನ ಸಾಲಿಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಒಂದೇ ಬೋರ್ಡಿನಲ್ಲಿ ಮೇನ್ ಸಾಲೂ ಇನ್ವರ್ಟರ್ ಸಾಲೂ ಇರುವುದು ಸಾಮಾನ್ಯ. ಸೋಲಾರ್, ಜನರೇಟರ್ ಇದ್ದರೂ ಇದೇ ಮಾತು. ಮೂರು ಫೇಸ್ ಸಂಪರ್ಕದ ಮನೆಯಲ್ಲಿ ಒಂದೇ ಡಬ್ಬಿಯೊಳಗೆ ಎರಡು ಫೇಸ್ ಬಂದಿರಬಹುದು. ಅವುಗಳ ನಡುವೆ 400 ವೋಲ್ಟ್ ಇರುತ್ತದೆ.

3. ಟೆಸ್ಟರನ್ನು ಖಚಿತವಾದ ಕಡೆ ಪರೀಕ್ಷಿಸಿ, ಡಬ್ಬಿಯೊಳಗಿನ ಪ್ರತಿಯೊಂದು ತಂತಿಗೂ ಇಟ್ಟು ನೋಡಿ. ಬಣ್ಣ ನೋಡಿ ನಂಬಬೇಡಿ. ಹಸಿರು ತಂತಿಯಲ್ಲಿ ಫೇಸ್ ಎಳೆದಿರುವ ಮನೆಗಳು ಅಪರೂಪವಲ್ಲ.

4. ಮಲ್ಟಿಮೀಟರಿನಿಂದ ಮೂರೂ ಜೋಡಿಗಳನ್ನು ಅಳೆಯಿರಿ. ಫೇಸ್–ನ್ಯೂಟ್ರಲ್ ಮಾತ್ರ ನೋಡಿ ಬಿಟ್ಟರೆ, ನ್ಯೂಟ್ರಲ್ ತುಂಡಾಗಿದ್ದಾಗ ಫೇಸ್ ಇದ್ದರೂ ಸೊನ್ನೆ ಬರುತ್ತದೆ.

5. ಮತ್ತೆ ಖಚಿತವಾದ ಕಡೆ ಟೆಸ್ಟರ್ ಮತ್ತು ಮೀಟರ್ ಎರಡನ್ನೂ ಇಟ್ಟು ನೋಡಿ. ಈಗ ಕೈ ಹಾಕಬಹುದು.

## ಹಂತ 4: ಯಂತ್ರದ ಪ್ಲಗ್ ಕಿತ್ತು ಮಾಡುವ ಪರೀಕ್ಷೆ

ಶಾಕ್ ಹೊಡೆಯುವ ಯಂತ್ರಕ್ಕೆ ಮೊದಲ ಪರೀಕ್ಷೆ ಕರೆಂಟ್ ಇಲ್ಲದೆಯೇ ಆಗಬೇಕು. ಪ್ಲಗ್ ಕಿತ್ತು, ಯಂತ್ರದ ಸ್ವಂತ ಸ್ವಿಚ್ ಆನ್‌ನಲ್ಲಿ ಇಡಿ. ಆಫ್‌ನಲ್ಲಿದ್ದರೆ ಒಳಗಿನ ಕಾಯಿಲ್‌ವರೆಗೂ ನಿಮ್ಮ ಮೀಟರ್ ತಲುಪುವುದೇ ಇಲ್ಲ.

1. ಮೀಟರನ್ನು 200 ಓಮ್ ಶ್ರೇಣಿಗಿಟ್ಟು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ. ಬರುವ 0.2–0.5 ಓಮ್ ಪ್ರೋಬ್ ತಂತಿಯದ್ದು. ಮುಂದಿನ ಅಳತೆಯಿಂದ ಅದನ್ನು ಕಳೆಯಿರಿ.

2. ಪ್ಲಗ್ಗಿನ ಅರ್ತ್ ಪಿನ್ ಮತ್ತು ಯಂತ್ರದ ಬರಿಯ ಲೋಹದ ನಡುವೆ ಅಳೆಯಿರಿ. ಪೇಂಟ್ ಇಲ್ಲದ ಸ್ಕ್ರೂ ತಲೆ ಹುಡುಕಿ. ಕಳೆದ ಮೇಲೆ ಅರ್ಧ ಓಮ್‌ಗಿಂತ ಕಡಿಮೆ ಉಳಿಯಬೇಕು. ತಂತಿಯನ್ನು ಪ್ಲಗ್ಗಿನ ಬುಡದಲ್ಲೂ ಯಂತ್ರದ ಬುಡದಲ್ಲೂ ಬಾಗಿಸಿ ನೋಡಿ. ಅಂಕಿ ಕುಣಿದರೆ ಒಳಗೆ ಎಳೆಗಳು ತುಂಡಾಗಿವೆ.

3. ಮೀಟರನ್ನು 20 ಮೆಗಾಓಮ್ ಶ್ರೇಣಿಗೆ ಬದಲಿಸಿ. ಫೇಸ್ ಪಿನ್ನಿನಿಂದ ಲೋಹದ ಮೈಗೆ, ಆಮೇಲೆ ನ್ಯೂಟ್ರಲ್ ಪಿನ್ನಿನಿಂದ ಮೈಗೆ ಅಳೆಯಿರಿ. ಮೀಟರ್ ‘ಶ್ರೇಣಿ ಮೀರಿದೆ’ ಎಂಬ ಗುರುತು ತೋರಬೇಕು. ಪ್ರೋಬ್ ತುದಿಗಳನ್ನು ಎರಡೂ ಕೈ ಬೆರಳಿನಿಂದ ಒತ್ತಿ ಹಿಡಿದರೆ ನಿಮ್ಮ ಮೈಯ ರೆಸಿಸ್ಟೆನ್ಸೇ ಮೀಟರಿಗೆ ಬಂದುಬಿಡುತ್ತದೆ.

4. ಹೀಟರ್ ಇರುವ ಯಂತ್ರವಾದರೆ ಕಾಯಿಲ್ ಅಳೆಯಿರಿ. 230ನ್ನು 230ರಿಂದ ಗುಣಿಸಿ ವಾಟಿನಿಂದ ಭಾಗಿಸಿದರೆ ಬರಬೇಕಾದ ಓಮ್ ಸಿಗುತ್ತದೆ: 1000 ವಾಟಿಗೆ ಸುಮಾರು 53, 2000 ವಾಟಿಗೆ 26. ಅದರ ಹತ್ತಿರವಿದ್ದರೆ ಕಾಯಿಲ್ ತುಂಡಾಗಿಲ್ಲ. ಕಾಯಿಲ್ ಸರಿಯಿದ್ದೂ ಮೈಗೆ ಸೋರುತ್ತಿರಬಹುದು, ಅವೆರಡು ಬೇರೆ ಬೇರೆ ದೋಷ.

ಈ ಪರೀಕ್ಷೆಯ ಮಿತಿ ದೊಡ್ಡದು. ಮಲ್ಟಿಮೀಟರ್ ಓಮ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. 230 ವೋಲ್ಟ್ ಬಿದ್ದಾಗ ಮಾತ್ರ ಸೋರುವ ಸೀಳು ಅದಕ್ಕೆ ಕಾಣದು. ಹಾಗಾಗಿ ಇಲ್ಲಿ ದೋಷ ಕಂಡರೆ ದೋಷ ಖಂಡಿತ, ಕಾಣದಿದ್ದರೆ ಏನೂ ಖಚಿತವಿಲ್ಲ. ಮೆಗ್ಗರ್ 500 ವೋಲ್ಟ್ ಡಿಸಿಯಲ್ಲಿ ಅಳೆಯುವುದರಿಂದಲೇ ಅದರ ಮಾತಿಗೆ ಬೆಲೆ. ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಒಟ್ಟಿಗೆ ಜೋಡಿಸಿ ಮೈಗೆ ಅಳೆದಾಗ 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಆ ಯಂತ್ರ ಬಳಕೆಗೆ ಯೋಗ್ಯವಲ್ಲ. ಸರಿಯಿರುವ ಯಂತ್ರದಲ್ಲಿ ಹತ್ತಾರು ಮೆಗಾಓಮ್ ಬರುತ್ತದೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಯಂತ್ರಗಳಲ್ಲಿ ಪಿನ್ನುಗಳನ್ನು ಜೋಡಿಸದೆ ಮೆಗ್ಗರ್ ಹಾಕಬೇಡಿ, ಬೋರ್ಡ್ ಸುಟ್ಟೀತು.

ಗೀಸರ್ ಮತ್ತು ಕೆಟಲ್ ಕಾಯಿಲ್‌ಗಳದ್ದು ಇನ್ನೊಂದು ತರಲೆ. ಅವುಗಳ ಕೊಳವೆಯೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಹೀಟರ್ ಮೊದಲ ಸಲ ಆರ್‌ಸಿಸಿಬಿ ಬೀಳಿಸಿ, ಒಣಗಿದ ಮೇಲೆ ಸರಿಹೋಗುವುದುಂಟು. ತದ್ವಿರುದ್ಧವೂ ಉಂಟು: ತಣ್ಣಗಿದ್ದಾಗ ಸರಿ, ಬಿಸಿಯಾಗಿ ಸೀಳು ಬಾಯಿ ಬಿಟ್ಟಾಗ ಸೋರಿಕೆ. ಆದ್ದರಿಂದ ಹೀಟರುಗಳನ್ನು ಬಿಸಿಯಾದ ಕೂಡಲೇ ಪ್ಲಗ್ ಕಿತ್ತು ಇನ್ನೊಮ್ಮೆ ಅಳೆಯಿರಿ.

## ಹಂತ 5: ಜುಮ್ ಅನ್ನುವುದು ಅಪಾಯವೋ ಅಲ್ಲವೋ

ಎರಡು ಪಿನ್ನಿನ, ಲೋಹದ ಮೈಯ ಎಲೆಕ್ಟ್ರಾನಿಕ್ ಸಾಧನಗಳನ್ನು (ಲ್ಯಾಪ್‌ಟಾಪ್, ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್) ಮೃದುವಾಗಿ ಸವರಿದಾಗ ಜುಮ್ ಅನ್ನುತ್ತದೆ. ಟೆಸ್ಟರ್ ಉರಿಯುತ್ತದೆ. ಮೈ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ 90ರಿಂದ 120 ವೋಲ್ಟ್ ತೋರಿಸುತ್ತದೆ. ಮೂರೂ ನಿಜ, ಆದರೂ ಸಾಧನ ಸರಿಯಿರಬಹುದು. ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರುಗಳು ಮೈಯನ್ನು ಮೇನ್ಸ್‌ನ ಅರ್ಧದ ಹತ್ತಿರ ತೇಲಿಸುತ್ತವೆ, ಆದರೆ ಅವು ಕೊಡಬಲ್ಲ ಕರೆಂಟ್ ಮಿಲಿಆಂಪ್‌ನ ಕಾಲುಭಾಗದೊಳಗೆ. ಮಲ್ಟಿಮೀಟರಿನ ಒಳ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್ ಇರುವುದರಿಂದ ಅದು ಏನನ್ನೂ ಎಳೆಯದೆ ಪೂರ್ತಿ ವೋಲ್ಟೇಜ್ ತೋರಿಸಿ ಹೆದರಿಸುತ್ತದೆ.

ನಿಜವಾದ ಸೋರಿಕೆಯನ್ನೂ ಇಂಥ ತೇಲುವ ವೋಲ್ಟೇಜನ್ನೂ ಬೇರೆ ಮಾಡುವುದು ಆ 10 ಕಿಲೋಓಮ್ ರೆಸಿಸ್ಟರಿನ ಕೆಲಸ.

1. ಸಾಧನದ ಪ್ಲಗ್ ಕೀಳಿ. ರೆಸಿಸ್ಟರಿನ ಒಂದು ಕ್ಲಿಪ್ ಸಾಧನದ ಲೋಹಕ್ಕೆ, ಇನ್ನೊಂದು 2ನೇ ಹಂತದಲ್ಲಿ ಸರಿಯೆಂದು ಗೊತ್ತಾದ ಅರ್ತಿಗೆ. ಅರ್ತ್ ಸಂಪರ್ಕವನ್ನು ಮೂರು ಪಿನ್ ಪ್ಲಗ್ಗಿನ ಅರ್ತ್ ಪಿನ್ನಿಗೆ ಮಾತ್ರ ಕಟ್ಟಿದ ತಂತಿಯಿಂದ ತೆಗೆಯಿರಿ, ಸಾಕೆಟ್ಟಿಗೆ ಬರಿಯ ತಂತಿ ತುರುಕಬೇಡಿ.

2. ಮಲ್ಟಿಮೀಟರನ್ನು ಏಸಿ ವೋಲ್ಟಿಗಿಟ್ಟು ರೆಸಿಸ್ಟರಿನ ಎರಡು ತುದಿಗೆ ಕ್ಲಿಪ್ ಮಾಡಿ.

3. ಕೈ ದೂರವಿಟ್ಟು ಕರೆಂಟ್ ಕೊಡಿ, ಅಂಕಿ ಓದಿ, ಆಫ್ ಮಾಡಿ. ಅಳತೆ ನಡೆಯುವಾಗ ಏನನ್ನೂ ಮುಟ್ಟಬೇಡಿ. ದೋಷ ದೊಡ್ಡದಿದ್ದರೆ ರೆಸಿಸ್ಟರ್ 5 ವಾಟಿನಷ್ಟು ಬಿಸಿಯಾಗುತ್ತದೆ. 10 ವಾಟಿನದ್ದೇ ಬೇಕೆಂದದ್ದು ಅದಕ್ಕೆ. ಆರ್‌ಸಿಸಿಬಿ ಬಿದ್ದರೂ ಆಶ್ಚರ್ಯವಿಲ್ಲ, ಅದೇ ಉತ್ತರ.

4. ಎರಡು ಪಿನ್ ಪ್ಲಗ್ ಆದರೆ ತಿರುಗಿಸಿ ಹಾಕಿ ಇನ್ನೊಮ್ಮೆ ಅಳೆದು, ಹೆಚ್ಚಿನ ಅಂಕಿಯನ್ನು ಹಿಡಿಯಿರಿ.

ಪ್ರತಿ 10 ವೋಲ್ಟ್ ಎಂದರೆ 1 ಮಿಲಿಆಂಪ್. ಮೊದಲು 110 ಇದ್ದದ್ದು ರೆಸಿಸ್ಟರ್ ಹಾಕಿದ ಮೇಲೆ 1–2.5 ವೋಲ್ಟಿಗೆ ಕುಸಿದರೆ ಅದು ಫಿಲ್ಟರಿನ ಸಹಜ ಸೋರಿಕೆ. 5 ವೋಲ್ಟ್ ಅಥವಾ ಹೆಚ್ಚು ನಿಂತರೆ ಸಾಧನವನ್ನು ರಿಪೇರಿಗೆ ಕಳಿಸಿ. 35 ವೋಲ್ಟ್ ದಾಟಿದರೆ ಮತ್ತೆ ಪ್ಲಗ್ ಹಾಕಲೇಬೇಡಿ. ಸೋರಿಕೆ ದೊಡ್ಡದಾದಷ್ಟೂ ಈ ವಿಧಾನ ನಿಜಕ್ಕಿಂತ ತುಸು ಕಡಿಮೆ ತೋರಿಸುತ್ತದೆ, ಆದ್ದರಿಂದ ಗಡಿಯ ಮೇಲಿನ ಅಂಕಿಯನ್ನು ಗಡಿ ದಾಟಿದ್ದೆಂದೇ ಲೆಕ್ಕ ಹಾಕಿ. ಒಂದು ಅಂದಾಜಿಗೆ: 10 ಮಿಲಿಆಂಪ್ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳಲಾಗುವುದಿಲ್ಲ, 30 ದಾಟಿದರೆ ಹೃದಯದ ಬಡಿತವೇ ಕೆಡಬಹುದು.

ಮೂರು ಪಿನ್ನಿನ ಯಂತ್ರಕ್ಕೆ ಈ ವಿಧಾನ ನಡೆಯದು. ಅದರ ಮೈ ಆಗಲೇ ಅರ್ತಿಗೆ ಸೇರಿರುತ್ತದೆ, ಸೋರಿದ್ದೆಲ್ಲ ಅತ್ತ ಹೋಗುತ್ತದೆ. ಪರೀಕ್ಷೆಗೆಂದು ಅರ್ತ್ ಪಿನ್ ಕಿತ್ತು ನೋಡುವವರಿದ್ದಾರೆ, ದಯವಿಟ್ಟು ಬೇಡ. ಅಲ್ಲಿ ಕ್ಲ್ಯಾಂಪ್ ಮೀಟರೇ ಸರಿ. ಒಂದು ಎಕ್ಸ್‌ಟೆನ್ಷನ್ ತಂತಿಯ ಹೊರ ಹೊದಿಕೆಯನ್ನಷ್ಟೇ ಒಂದು ಗೇಣು ಸೀಳಿ ಒಳಗಿನ ಮೂರು ತಂತಿಗಳನ್ನು ಬಿಡಿಸಿ. ಒಳ ಇನ್ಸುಲೇಶನ್ನಿಗೆ ಗೀರೂ ಬೀಳಬಾರದು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪಿನ ಬಾಯೊಳಗೆ ಹಾಕಿ. ಹೋದದ್ದೂ ಬಂದದ್ದೂ ಸಮವಿದ್ದರೆ ಸೊನ್ನೆ, ಉಳಿದ ಅಂಕಿಯೇ ಸೋರಿಕೆ. ಅರ್ತ್ ತಂತಿಯನ್ನೂ ಸೇರಿಸಿ ಹಾಕಿದರೆ ಸೋರಿಕೆ ಅಲ್ಲೇ ಸಮವಾಗಿ ಸೊನ್ನೆ ಬರುತ್ತದೆ. ಬಹುಪಾಲು ಜನ ಎಡವುವುದು ಇಲ್ಲೇ. ಫೇಸ್ ಒಂದನ್ನೇ ಹಾಕಿದರೆ ಬರುವುದು ಯಂತ್ರದ ಲೋಡ್. ಸಾಮಾನ್ಯ ಕ್ಲ್ಯಾಂಪ್ ಮೀಟರಿನ ಅತಿ ಸಣ್ಣ ಅಂಕಿ 10 ಅಥವಾ 100 ಮಿಲಿಆಂಪ್, ಅದರಿಂದ ಈ ಕೆಲಸವಾಗದು. ಮಿಲಿಆಂಪ್‌ನ ಭಾಗಗಳನ್ನು ಓದುವ ಲೀಕೇಜ್ ಕ್ಲ್ಯಾಂಪೇ ಬೇಕು.

## ಹಂತ 6: ಆರ್‌ಸಿಸಿಬಿ ಬೀಳುತ್ತಿದ್ದರೆ ಸೋರುವ ಸಾಲು ಹುಡುಕುವುದು

ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪ್‌ನದ್ದು. ಸೋರಿಕೆ 15ಕ್ಕಿಂತ ಕಡಿಮೆಯಿದ್ದಾಗ ಅದು ಬೀಳಬಾರದು, 30 ಮುಟ್ಟಿದಾಗ ಬೀಳಲೇಬೇಕು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹತ್ತು ಸಾಧನಗಳ ಸಹಜ ಸೋರಿಕೆಯೆಲ್ಲ ಕೂಡಿ 18 ಆದರೂ ಬಿದ್ದೀತು, ಯಾವುದೊಂದೂ ಕೆಟ್ಟಿರಬೇಕೆಂದಿಲ್ಲ.

1. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಏರಿಸಿ. ಬೀಳದೆ ನಿಂತರೆ, ಎಂಸಿಬಿಗಳನ್ನು ಒಂದೊಂದಾಗಿ ಏರಿಸಿ. ಯಾವುದಕ್ಕೆ ಬಿತ್ತೋ ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕೀಳಿ. ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಹೋಗುತ್ತದೆ, ನ್ಯೂಟ್ರಲ್ ಮೂಲಕದ ಸೋರಿಕೆ ಹಾಗೇ ಉಳಿಯುತ್ತದೆ.

2. ಪ್ಲಗ್‌ಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಎಲ್ಲ ಕಿತ್ತಾಗಲೂ ಬಿದ್ದರೆ ದೋಷ ಗೋಡೆಯೊಳಗಿನ ತಂತಿಯಲ್ಲಿ, ಅಥವಾ ಹೊರಗಿನ ಲೈಟ್, ಪಂಪಿನಂಥ ಕಾಯಂ ಜೋಡಣೆಯಲ್ಲಿದೆ. ಮಳೆ ಬಂದ ದಿನ ಮಾತ್ರ ಬೀಳುತ್ತಿದ್ದರೆ ಹೊರಗಿನಿಂದಲೇ ಹುಡುಕಲು ಶುರುಮಾಡಿ.

3. ಎಲ್ಲ ಎಂಸಿಬಿ ಇಳಿದಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ, ಅಥವಾ ಎಲ್ಲೋ ದೊಡ್ಡ ಲೋಡ್ ಹಾಕಿದಾಗ ಸಂಬಂಧವಿಲ್ಲದಂತೆ ಬಿದ್ದರೆ, ನ್ಯೂಟ್ರಲ್ ಮತ್ತು ಅರ್ತ್ ಎಲ್ಲೋ ತಾಗಿಕೊಂಡಿವೆ. ಸಿಂಗಲ್ ಪೋಲ್ ಎಂಸಿಬಿ ಕತ್ತರಿಸುವುದು ಫೇಸ್ ಒಂದನ್ನೇ, ಹಾಗಾಗಿ ಎಂಸಿಬಿ ಇಳಿಸುವ ಆಟದಿಂದ ಇದು ಸಿಗುವುದಿಲ್ಲ. ನ್ಯೂಟ್ರಲ್ ಬಾರಿನಿಂದ ಒಂದೊಂದೇ ತಂತಿ ಬಿಚ್ಚಿ ಅರ್ತಿಗೆ ಓಮ್ ಅಳೆಯಬೇಕು. ಇದು ಮೇನ್ ಕಡಿದು ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಎರಡು ಆರ್‌ಸಿಸಿಬಿ ಇರುವ ಬೋರ್ಡಿನಲ್ಲಿ ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಕೂಡಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ.

4. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ. ಗುಂಡಿ ತನ್ನೊಳಗಿನ ರೆಸಿಸ್ಟರಿನಿಂದ ಕೃತಕ ಸೋರಿಕೆ ಮಾಡುತ್ತದೆಯಾದ್ದರಿಂದ, ಮನೆಗೆ ಅರ್ತಿಂಗ್ ಇಲ್ಲದಿದ್ದರೂ ಅದು ಬೀಳುತ್ತದೆ. ಗುಂಡಿ ಒತ್ತಿದಾಗ ಬಿತ್ತು, ಆದ್ದರಿಂದ ಅರ್ತಿಂಗ್ ಸರಿಯಿದೆ ಎಂಬ ಮಾತಿಗೆ ಅರ್ಥವಿಲ್ಲ.

## ಇಲ್ಲಿಗೆ ನಿಲ್ಲಿಸಿ, ಮೇನ್ ಇಳಿಸಿ

ನಲ್ಲಿ ಅಥವಾ ಶವರ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಪರೀಕ್ಷೆ ಆಮೇಲೆ. ಒದ್ದೆ ಮೈಯ ರೆಸಿಸ್ಟೆನ್ಸ್ ಬಹಳ ಕಡಿಮೆ. ಒಣಗಿದ ಕೈಗೆ ಜುಮ್ ಅಂದದ್ದು ಸ್ನಾನದಲ್ಲಿ ಜೀವಕ್ಕೆ ಕುತ್ತು. ಗೀಸರ್ ಅಷ್ಟೇ ಅಲ್ಲ, ಪಂಪಿನ ಮೋಟಾರೂ ಲೋಹದ ಪೈಪಿನ ಮೂಲಕ ನಲ್ಲಿಗೆ ಸೋರಿಸಬಲ್ಲದು. ಸ್ವಿಚ್ ಬೋರ್ಡಿನ ಮೇಲ್ಮೈ ಬೆಚ್ಚಗಿದ್ದರೆ, ಒಳಗಿನಿಂದ ಚಟಪಟ ಸದ್ದು ಅಥವಾ ಮೀನಿನಂಥ ವಾಸನೆ ಬಂದರೆ, ಗೋಡೆಯ ಒದ್ದೆ ಜಾಗಕ್ಕೆ ಇಟ್ಟ ಟೆಸ್ಟರ್ ಉರಿದರೆ, ಅಥವಾ ಒಂದು ಕೋಣೆಯ ಬಲ್ಬ್ ಮಂಕಾದಾಗ ಇನ್ನೊಂದರದ್ದು ಪ್ರಖರವಾದರೆ (ಮೂರು ಫೇಸ್ ಮನೆಯಲ್ಲಿ ಇದು ಮೇನ್ ನ್ಯೂಟ್ರಲ್ ಕಡಿದ ಲಕ್ಷಣ) ಮುಂದೆ ಅಳೆಯುತ್ತ ಕೂರಬೇಡಿ.

ಎಲೆಕ್ಟ್ರಿಷಿಯನ್ ಬಂದಾಗ ‘ಶಾಕ್ ಹೊಡೆಯುತ್ತೆ’ ಎನ್ನುವುದರ ಜೊತೆಗೆ ಬರೆದಿಟ್ಟ ಅಂಕಿಗಳನ್ನೂ ಕೊಡಿ: ಯಾವ ಸಾಕೆಟ್, ಯಾವ ಮೂರು ಅಳತೆ, ಲೋಡ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಯಂತ್ರ ಬಿಸಿಯಿತ್ತೋ ತಣ್ಣಗಿತ್ತೋ. ರಿಪೇರಿ ಮುಗಿದ ಮೇಲೆ ಅವರು ಹೊರಡುವ ಮುಂಚೆ ಅದೇ ಸಾಕೆಟ್ಟಿನಲ್ಲಿ, ಅದೇ ಲೋಡ್ ಹಾಕಿ, ಅದೇ ಮೀಟರಿನಿಂದ ಇನ್ನೊಮ್ಮೆ ಅಳೆದು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ.